ಬೀದಿಯಿಲ್ಲದ ಆಟ

ಸೀತಾಂಗೋಳಿ
12 ಜನವರಿ 2017

ಪ್ರೀತಿಯ ಶಿಬಿ,

ನಮ್ಮ ಬಸ್ಸಿನ ಕಂಡಕ್ಟರ್ ಚೆನ್ನಪ್ಪಣ್ಣ ಈ ಲಕೋಟೆಯನ್ನು ಕೈಯಲ್ಲಿ ತೂಗಿ ನೋಡಿ, "ಇವತ್ತು ದಪ್ಪ ಉಂಟಲ್ಲ ಅಕ್ಕ, ಎಂತ ಹಾಕಿದ್ದೀರಿ?" ಎಂದು ಖಂಡಿತ ಕೇಳುತ್ತಾರೆ. ಏನು ಮಾಡಲಿ, ಕಾಗದ ಬರೆಯದೆ ಬೇರೆ ದಾರಿಯಿಲ್ಲ. ನಿನ್ನ ಫೋನು ನಿಮ್ಮ ಮನೆಯಲ್ಲಿ ಮಕ್ಕಳಿಂದ ಮುದುಕಿಯವರೆಗೆ ಎಲ್ಲರ ಕೈಯಲ್ಲಿ ಓಡಾಡುತ್ತದೆ, ವಾಟ್ಸಾಪಿನಲ್ಲಿ ಕೆಲಸದ ಮಾತು ಬೇಡ ಎಂದವಳು ನೀನೇ. ಉಳಿದವರೆಲ್ಲ ಮಲಯಾಳ ಶಾಲೆಗೆ ಹೋದವರು, ಆ ಮನೆಯಲ್ಲಿ ಕನ್ನಡ ಓದುವವಳು ನೀನೊಬ್ಬಳು. ಹಾಗಾಗಿ ಪೆನ್ ಡ್ರೈವಿನ ಜೊತೆಗೆ ಇದೂ ಬಸ್ಸು ಹತ್ತಿತು. ಕಂಡಕ್ಟರರ ಚೀಲದೊಳಗೆ ಓಡಾಡಿ ವಿಡಿಯೋ ಗೇಮ್ ತಯಾರಾಗುವ ಕಂಪೆನಿ ಲೋಕದಲ್ಲಿ ನಮ್ಮದೊಂದೇ ಇರಬೇಕು.

ವಿಷಯಕ್ಕೆ ಬರುತ್ತೇನೆ. ನಮ್ಮ 'ಬೀಪಾತುವಿನ ಮನೆ'ಯ ಬಗ್ಗೆ ಅಂತರ್ಜಾಲದಲ್ಲಿ ಒಂದು ಲೇಖನ ಬಂದಿದೆ. ಬರೆದವರು ಸಜ್ನಾ ಎಂಬವರು. ನಿಮ್ಮ ಹಾಗೆ ಕಾಸರಗೋಡಿನ ಬ್ಯಾರಿ ಮುಸ್ಲಿಮರೇ, ಮಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರಂತೆ. ನಿನಗೆ ಓದಲು ಕೆಲವು ಸಾಲು ಇಲ್ಲಿ ಬರೆಯುತ್ತೇನೆ:

"ಒಂದು ಮನೆ, ಒಬ್ಬಳು ಹುಡುಗಿ, ಸೊಂಟದಲ್ಲಿ ಬೀಗದ ಕೈಗೊಂಚಲು ಕಟ್ಟಿಕೊಂಡ ಒಬ್ಬಳು ಅಜ್ಜಿ. ಅಜ್ಜಿಯ ಕಣ್ಣು ತಪ್ಪಿಸಿ ಬೀಗದ ಕೈ ಕದ್ದು ಹುಡುಗಿಯನ್ನು ಹೊಸ್ತಿಲು ದಾಟಿಸಿದರೆ ನೀವು ಗೆದ್ದಿರಿ. ಹೊಸ್ತಿಲಿನ ಆಚೆ ಬರೀ ಬೆಳಕು, ಒಂದು ಬೀದಿ ಕೂಡ ಇಲ್ಲ. ಬ್ಯಾರಿ ಹೆಂಗಸು ಎಂದರೆ ಬೀಗ ಹಾಕುವವಳು, ಇಲ್ಲವೇ ಬೀಗ ಹಾಕಿಸಿಕೊಂಡವಳು. ಇದನ್ನು ಮಾಡಿದವರ ಹೆಸರು ನೋಡಿ: ಶ್ರೀವಾಣಿ, ಶಿವಪ್ರಸಾದ, ಕೃಷ್ಣಕುಮಾರ. ಇವರಲ್ಲಿ ಒಬ್ಬರಾದರೂ ಒಂದು ಬ್ಯಾರಿ ಮನೆಯೊಳಗೆ ಕುಳಿತು ಚಹಾ ಕುಡಿದಿದ್ದಾರೆಯೇ? ಈ ಕಾಲದಲ್ಲಿ ಯಾವ ಹುಡುಗಿಗೆ ಬೀಪಾತು ಎಂದು ಹೆಸರಿಡುತ್ತಾರೆ?"

ಬೀಪಾತು ಎಂಬ ಹೆಸರು ಇಟ್ಟದ್ದು ನನ್ನ ಅಣ್ಣ, ಅದಕ್ಕೆ ಅವನೇ ಬೈಸಿಕೊಳ್ಳಲಿ. ಬೀದಿಯ ಸಂಗತಿ ನಿನಗೆ ಗೊತ್ತೇ ಉಂಟು. ಬೀದಿಯ ಚಿತ್ರ ಬರೆಯಲು ನೀನು ಇನ್ನಷ್ಟು ಸಮಯ ಕೇಳಿದೆ, ನಮ್ಮ ಕೈ ಖಾಲಿಯಾಗಿತ್ತು. "ಬೆಳಕು ಸಾಕು, ಚಂದ ಕಾಣ್ತದೆ" ಎಂದು ಅಣ್ಣ ಹೇಳಿದ. ಅದನ್ನು ಈಗ ಯಾರಿಗೆ ವಿವರಿಸುವುದು? ಲೇಖನವನ್ನು ಸಾವಿರಾರು ಜನ ಹಂಚಿಕೊಂಡಿದ್ದಾರೆ. ಜೂನಿನಲ್ಲಿ ಕೊಚ್ಚಿಯ ಗೇಮ್ ಮೇಳಕ್ಕೆ ನಾವು ಆಯ್ಕೆಯಾಗಿದ್ದೇವಲ್ಲ, ಅವರೂ ಓದಿದ್ದಾರೆ. ಮೇ ಮುಗಿಯುವುದರೊಳಗೆ ಈ ಟೀಕೆಗೆ ಲಿಖಿತ ಉತ್ತರ ಕೊಡಬೇಕು, ಇಲ್ಲದಿದ್ದರೆ ಆಟವನ್ನು ಮೇಳದಿಂದ ಕೈಬಿಡುತ್ತಾರೆ. ಕೈಬಿಟ್ಟರೆ ಕಂಪೆನಿ ಮುಚ್ಚಿದ ಹಾಗೆಯೇ.

ಉತ್ತರ ಒಂದೇ ಸಾಲಿನದ್ದು, ಶಿಬಿ. ಆ ಮನೆಯ ಒಂದೊಂದು ಗೋಡೆಯನ್ನೂ ಬರೆದವಳು ಶಿಬಿಲಾ ಎಂಬ ಬ್ಯಾರಿ ಹುಡುಗಿ. ಅದನ್ನು ಹೇಳಲು ನನಗೆ ಒಪ್ಪಿಗೆ ಕೊಡು. ಹೆಸರು ಹಾಕಬೇಡಿ ಎಂದು ಅಂದು ನೀನು ಹೇಳಿದಾಗ ನಾನು ಕಾರಣ ಕೇಳಿರಲಿಲ್ಲ. ರಾಶಿದಣ್ಣ ಬೇಡ ಅನ್ನುತ್ತಾರಾ? ಬೇಕಾದರೆ ನಾನು ಶಾರ್ಜಾಕ್ಕೆ ಫೋನು ಮಾಡಿ ಮಾತಾಡುತ್ತೇನೆ.

ನಿನ್ನ,
ವಾಣಿ

&nbsp;

ಕುಂಬಳೆ
16 ಜನವರಿ 2017

ವಾಣಿ,

ಪಾಪ ರಾಶಿದ್! ಅವರು ತಮ್ಮ ರೂಮಿನ ಮಲಪ್ಪುರದ ಹುಡುಗರಿಗೆಲ್ಲ ಈ ಗೇಮ್ ಇಳಿಸಿ ಕೊಟ್ಟು, 'ನನ್ನ ಹೆಂಡತಿ ಬರೆದದ್ದು' ಎಂದು ಹೇಳಿ ಬಿರಿಯಾನಿ ತಿನ್ನಿಸಿದವರು. ನೀನು ಫೋನು ಮಾಡಿದರೆ ನನ್ನನ್ನು ಒಪ್ಪಿಸಲು ಅವರೇ ನಿನ್ನ ಜೊತೆ ಸೇರಿಕೊಳ್ಳುತ್ತಾರೆ. ನಮ್ಮಲ್ಲಿ ಏನಾದರೂ ಬೇಡ ಎಂದರೆ ಅದನ್ನು ಗಂಡನೇ ಹೇಳಿರಬೇಕು ಎಂದು ನೀನು ಹೇಗೆ ತೀರ್ಮಾನಿಸಿದೆ? ಸಜ್ನಾ ಟೀಚರಿಗೆ ಇದನ್ನು ತೋರಿಸಿದರೆ ಇನ್ನೊಂದು ಲೇಖನ ಬರೆದಾರು.

ಹೆಸರು ಕೊಡಲಾರೆ. ಕಾರಣ ಈಗ ಹೇಳುತ್ತೇನೆ, ಮೊದಲೇ ಹೇಳಬೇಕಿತ್ತು.

ಒಂಬತ್ತನೇ ತರಗತಿಯಲ್ಲಿ ಇರುವಾಗ ನಿನ್ನಲ್ಲಿ ಒಂದು ಮಾತು ಹೇಳಿದ್ದೆ. ನನ್ನ ಉಮ್ಮನ ತಂಗಿ ಸೆಕೀನ ಎಳೇಮ ಮನೆಯಿಂದ ಹೊರಗೆ ಹೋಗುವುದೇ ಇಲ್ಲ ಅಂತ. ಅಷ್ಟೇ ಹೇಳಿದ್ದು. ನೀನು ಅದನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟು ಕಥೆ ಕಟ್ಟಿದೆ. ಕಥೆ ನನ್ನ ಕೈಗೆ ಬಂದಾಗ ಅದರಲ್ಲಿ ಬೀಗ ಇತ್ತು, ಕಾವಲು ಕೂತ ಅಜ್ಜಿ ಇದ್ದಳು. ಅಜ್ಜಿಗೆ ಯಾವ ಮುಖ ಬರೆಯಲಿ? ನನಗೆ ಗೊತ್ತಿರುವ ಅಜ್ಜಿ ಒಬ್ಬಳೇ, ಎಳೇಮನ ತಾಯಿ, ನಮ್ಮ ಉಮ್ಮಾಲಿಮ್ಮ. ಅವರ ಸೊಂಟದಲ್ಲಿ ಬೀಗದ ಕೈ ಇರುವುದು ನಿಜ. ಅದು ಅಕ್ಕಿ ಇಡುವ ಕೋಣೆಯದ್ದು. ಸಕ್ಕರೆ ಕದ್ದು ತಿನ್ನುವ ನಮ್ಮ ಮನೆಯ ಪೋರ ನಿಯಾಸನಿಗಾಗಿ ಇರುವ ಬೀಗ.

ಎಳೇಮನನ್ನು ಯಾರೂ ಕೂಡಿ ಹಾಕಿಲ್ಲ, ವಾಣಿ. ಮದುವೆಯಾಗಿ ಹೆಚ್ಚು ಸಮಯ ಆಗಿರಲಿಲ್ಲ, ಉಪ್ಪಳದಲ್ಲಿ ಸಂಬಂಧಿಕರ ಮದುವೆಗೆ ಹೋಗಿದ್ದರು. ಅಲ್ಲಿ ಮದುಮಗಳ ಸರ ಕಾಣೆಯಾಯಿತು. ಹೆಂಗಸರ ಕೋಣೆಯ ಬಾಗಿಲು ಹಾಕಿ ಎಳೇಮನ ಬ್ಯಾಗನ್ನು ಮಾತ್ರ ಚಾಪೆಯ ಮೇಲೆ ಸುರಿದು ನೋಡಿದರು. ಅವರ ಗಂಡ ಆಗ ಕೆಲಸ ಕಳಕೊಂಡು ಊರಿಗೆ ಬಂದಿದ್ದರು, ಅದಕ್ಕೇ ಅವರ ಮೇಲೆ ಕಣ್ಣು. ಸರ ಆಮೇಲೆ ಮದುಮಗಳ ಬಟ್ಟೆಯ ಮಡಿಕೆಯಲ್ಲೇ ಸಿಕ್ಕಿತು. ಎಲ್ಲರೂ ನಕ್ಕು ಊಟಕ್ಕೆ ಕೂತರು. ಎಳೇಮ ಮನೆಗೆ ಬಂದು, "ಇನ್ನು ನಾನು ಯಾರ ಮನೆಗೂ ಬರುವುದಿಲ್ಲ" ಎಂದರು. ಗಂಡ ತೀರಿಕೊಂಡ ಮೇಲೂ ಅದೇ. ಮನೆಯವರು ಮಾನ ಉಳಿಸಲು, "ಅವಳಿಗೆ ಹುಷಾರಿಲ್ಲ" ಎಂದು ಊರಿಗೆಲ್ಲ ಹೇಳಿದರು. ಹುಷಾರಿಲ್ಲದವಳನ್ನು ನೋಡಲು ಜನ ಬರುವುದೂ ನಿಧಾನವಾಗಿ ನಿಂತಿತು.

ಈಗ ನನ್ನ ಹೆಸರು ಬಂದರೆ ಕುಂಬಳೆಯ ಯಾವ ಮಗುವೂ ಹೇಳುತ್ತದೆ, ಅದು ಉಮ್ಮಾಲಿಮ್ಮನ ಮನೆ, ಆ ಹುಡುಗಿ ಸೆಕೀನ ಎಂದು. ಬ್ಯಾಗು ಸುರಿದ ಕಥೆಯೂ ಮತ್ತೆ ಏಳುತ್ತದೆ. ಅವರನ್ನು ಎರಡನೇ ಸಲ ಚಾಪೆಯ ಮೇಲೆ ಸುರಿಯಲು ನನ್ನಿಂದ ಆಗುವುದಿಲ್ಲ.

ಅಜ್ಜಿಯನ್ನು ಹಾಗೆ ಮಾಡಬೇಡ ಎಂದು ನಿನಗೆ ಹೇಳದೆ ಬರೆದುಕೊಟ್ಟೆನಲ್ಲ, ಅದು ನನ್ನನ್ನು ಚುಚ್ಚುತ್ತಾ ಇದೆ. ಹೇಳಿದರೆ ಎಳೇಮನ ಕಥೆ ಪೂರ್ತಿ ಹೇಳಬೇಕಾಗುತ್ತಿತ್ತು.

ಶಿಬಿ

&nbsp;

ಸೀತಾಂಗೋಳಿ
3 ಫೆಬ್ರವರಿ 2017

ಪ್ರೀತಿಯ ಶಿಬಿ,

ನಿನ್ನ ಕಾಗದ ಓದಿ ತುಂಬಾ ದಿನ ಉತ್ತರ ಬರೆಯಲಾಗಲಿಲ್ಲ. ನಿನ್ನ ಎಳೇಮನ ಬಗ್ಗೆ ನನಗೆ ಗೊತ್ತಿರಲಿಲ್ಲ ಎಂದರೆ ನಿಜವಾಗುತ್ತದೆ, ಆದರೆ ಕೇಳಲೂ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡ ನಿಜ.

ಇಲ್ಲಿಯ ಪರಿಸ್ಥಿತಿ ನೀನು ಎಣಿಸಿದ್ದಕ್ಕಿಂತ ಕೆಟ್ಟದಾಗಿದೆ. ಬೈಯುವವರು ಬೈಯುತ್ತಿದ್ದಾರೆ, ಅದನ್ನು ಹೇಗಾದರೂ ಸಹಿಸಬಹುದು. ಹೊಗಳುವವರು ಬಂದಿದ್ದಾರೆ ನೋಡು, ಅವರಿಂದ ತಪ್ಪಿಸಿಕೊಳ್ಳುವುದು ಹೇಗೆ? ಮೊನ್ನೆ ನಮ್ಮ ಮೀಂಜದ ಮನೆಗೆ ನಾಲ್ಕು ಮಂದಿ ಬಂದು ಅಪ್ಪನ ಹತ್ತಿರ ಕೂತರು. "ನಿಮ್ಮ ಮಗಳು ಅವರ ಮನೆಯ ಒಳಗಿನ ಸತ್ಯವನ್ನು ಧೈರ್ಯದಿಂದ ತೋರಿಸಿದ್ದಾಳೆ ಭಟ್ರೇ, ಅವಳಿಗೊಂದು ಸನ್ಮಾನ ಮಾಡಬೇಕು" ಎಂದರು. ಶಾಲು, ಹಣ್ಣಿನ ಬುಟ್ಟಿ, ಫಲಕ ಎಲ್ಲ ಅವರದ್ದೇ. ಅಪ್ಪ ದೇವಸ್ಥಾನದ ಅರ್ಚಕರು, ಬಂದವರನ್ನು ಎದುರು ಹಾಕಿಕೊಳ್ಳುವ ಜಾತಿಯಲ್ಲ. ಅಮ್ಮ ಕಾಫಿ ಕೊಟ್ಟಳು. ನಾನು ಒಳಗಿನ ಕೋಣೆಯಲ್ಲಿ ಉಸಿರು ಹಿಡಿದು ನಿಂತಿದ್ದೆ. ನನ್ನ ಮನೆಯಲ್ಲೇ ಅಡಗಿ ನಿಂತಿದ್ದೆ ಅಂದರೆ ನಂಬುತ್ತೀಯಾ?

ಸಜ್ನಾ ಅವರಿಗೆ ನಾನೇನು ಹೇಳಲಿ? ಅವರು ಹೇಳಿದ್ದು ತಪ್ಪು ಎಂದರೆ ಈ ಶಾಲಿನವರು ಚಪ್ಪಾಳೆ ತಟ್ಟುತ್ತಾರೆ. ಸರಿ ಎಂದರೆ ಅಣ್ಣ ಕಂಪೆನಿಯ ಬಾಗಿಲು ಹಾಕುತ್ತಾನೆ. ಆಗಲೇ ಅವನು ಒಂದು ಉತ್ತರ ಬರೆದಿಟ್ಟಿದ್ದಾನೆ: 'ನಮಗೆ ಎಲ್ಲ ಸಮುದಾಯಗಳ ಮೇಲೂ ಅಪಾರ ಗೌರವವಿದೆ. ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ನಮ್ಮದಲ್ಲ.' ಓದಿದರೆ ಬಾಯಲ್ಲಿ ಹೊಟ್ಟು ಇಟ್ಟುಕೊಂಡ ಹಾಗಾಗುತ್ತದೆ.

ನಿನ್ನ ಹೆಸರಿನ ಅರ್ಧ ಭಾಗವನ್ನಾದರೂ ಕೊಡು. 'ನಮ್ಮ ತಂಡದಲ್ಲಿ ಒಬ್ಬ ಬ್ಯಾರಿ ಕಲಾವಿದೆ ಇದ್ದಾರೆ' ಎಂದು ಮಾತ್ರ ಬರೆಯುತ್ತೇನೆ. ಊರು ಹೇಳುವುದಿಲ್ಲ.

ನಿನ್ನ,
ವಾಣಿ

&nbsp;

ಕುಂಬಳೆ
9 ಫೆಬ್ರವರಿ 2017

ಶ್ರೀವಾಣಿಗೆ,

ಒಬ್ಬ ಬ್ಯಾರಿ ಕಲಾವಿದೆ! ಅಂಗಡಿಯ ಬಾಗಿಲಿಗೆ ಲಿಂಬೆ ಮೆಣಸು ಕಟ್ಟುತ್ತಾರಲ್ಲ, ಹಾಗೆ ನನ್ನನ್ನು ಕಟ್ಟಿ ತೂಗು ಹಾಕುತ್ತೀಯಾ? ನಿನ್ನ ಅಜ್ಜಿಯನ್ನು ನಾನು ರಾಕ್ಷಸಿಯ ಹಾಗೆ ಬರೆದು, ಬೈಗುಳ ಬಂದಾಗ 'ನಮ್ಮ ತಂಡದಲ್ಲಿ ಒಬ್ಬ ಭಟ್ರ ಮಗಳಿದ್ದಾಳೆ' ಎಂದರೆ ನಿನಗೆ ಹೇಗಾಗುತ್ತದೆ?

ನಾನು ಚಿತ್ರ ಬರೆಯುವವಳು, ಅಷ್ಟೇ. ಗೋಡೆಯ ಮೇಲೆ ಬಿಸಿಲು ಎಲ್ಲಿ ಬೀಳುತ್ತದೆ, ಅಡುಗೆಮನೆಯ ಹೊಗೆ ಯಾವ ಹಂಚಿನ ಸಂದಿನಿಂದ ಹೋಗುತ್ತದೆ, ಇಷ್ಟು ನನಗೆ ಗೊತ್ತು. ನನಗೆ ಬೇಕಾದ್ದೂ ಅಷ್ಟೇ. ಈಗ ನಾನು ಹೊರಗೆ ಬಂದರೆ ಶಿಬಿಲಾ ಆಗಿ ಬರಲು ಯಾರೂ ಬಿಡುವುದಿಲ್ಲ. ನೀನೂ ಬಿಡುವುದಿಲ್ಲ, ಸಜ್ನಾ ಟೀಚರೂ ಬಿಡುವುದಿಲ್ಲ. ಲೋಕದ ಬ್ಯಾರಿ ಹೆಂಗಸರೆಲ್ಲರ ಪರವಾಗಿ ಬಂದು ನಿಂತು ಹೌದು ಅಥವಾ ಅಲ್ಲ ಎನ್ನಬೇಕು. ನನಗೆ ಅದು ಬೇಡ.

ಸಿಟ್ಟಿನಲ್ಲಿ ಇದ್ದೇನೆ, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಸಜ್ನಾ ಟೀಚರ್ ಕೇಳಿದ ಚಹಾದ ಮಾತು ಓದಿದಾಗ ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಒಂದೇ ಬೆಂಚಿನಲ್ಲಿ ಕೂತು ಹೈಸ್ಕೂಲು ಮುಗಿಸಿದವರು ನಾವು. ನಿನ್ನ ಬಸ್ಸು ದಿನಾ ಎರಡು ಸಲ ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ. ನನ್ನ ಮದುವೆಗೆ ನೀನು ಹಾಲ್‌ಗೆ ಬಂದೆ, ಐಸ್‌ಕ್ರೀಮ್ ತಿಂದು ಹೋದೆ. ಮನೆಯೊಳಗೆ ಬಾ ಎಂದು ನಾನು ಕರೆಯಲಿಲ್ಲ, ಬರುತ್ತೇನೆ ಎಂದು ನೀನು ಹೇಳಲಿಲ್ಲ. ಕರೆದರೆ ನಿನಗೆ ಕಷ್ಟ ಆಗಬಹುದೆಂದು ನಾನು, ಬಂದರೆ ನನಗೆ ಕಷ್ಟ ಆಗಬಹುದೆಂದು ನೀನು, ಹೀಗೇ ಚಂದ ಮಾಡಿ ನಡೆಸಿಕೊಂಡು ಬಂದೆವು. ಮೀಂಜದ ನಿಮ್ಮ ಮನೆಯ ಬಣ್ಣ ಯಾವುದೆಂದು ನನಗೂ ಗೊತ್ತಿಲ್ಲ.

ಶಾಲು ಹೊದೆಯುವುದಾದರೆ ಮೊದಲೇ ಹೇಳು, ನನ್ನ ಪೆನ್ ಡ್ರೈವ್ ವಾಪಸು ಕಳಿಸು.

ಶಿಬಿಲಾ

&nbsp;

ಕುಂಬಳೆ
20 ಏಪ್ರಿಲ್ 2017

ಪ್ರೀತಿಯ ವಾಣಿ,

ಇಷ್ಟು ದಿನ ಲಕೋಟೆಯಲ್ಲಿ ಬರೀ ಪೆನ್ ಡ್ರೈವ್ ಹೋಗಿ ಬರುವಾಗ ಚೆನ್ನಪ್ಪಣ್ಣನಿಗೂ ಬೇಜಾರಾದ ಹಾಗಿತ್ತು. ನೀನು ಸನ್ಮಾನಕ್ಕೆ ಹೋಗದೆ ಜ್ವರ ಎಂದು ಮಲಗಿದ್ದೆ ಅಂತ ಅವರೇ ಹೇಳಿದರು. ಒಳ್ಳೆಯ ಜ್ವರ ಅದು.

ಒಂದು ಸಂಗತಿ ಆಗಿದೆ. ಎಳೇಮ ನಮ್ಮ ಗೇಮ್ ಆಡುತ್ತಿದ್ದಾರೆ.

ನಿಯಾಸ ನನ್ನ ಫೋನಿನಲ್ಲಿ ಇಳಿಸಿದ್ದನಂತೆ. ಊಟ ಆದ ಮೇಲೆ ಎಲ್ಲರೂ ಮಲಗುವ ಹೊತ್ತಿಗೆ ಎಳೇಮ ಫೋನು ತೆಗೆದುಕೊಂಡು ಅಡುಗೆಮನೆಯ ಮೆಟ್ಟಿಲಲ್ಲಿ ಕೂರುತ್ತಿದ್ದರು. ಫೋಟೋ ಏನೋ ನೋಡುತ್ತಾರೆಂದು ನಾನು ತಿಳಿದಿದ್ದೆ. ನಿನ್ನೆ ಹಿಂದಿನಿಂದ ಹೋಗಿ ನೋಡಿದೆ. ಪರದೆಯ ಮೇಲೆ ನಾನು ಬರೆದ ಅಡುಗೆಮನೆ. ಅವರು ತಿರುಗಿ ನೋಡದೆಯೇ, "ಕಡೆಯುವ ಕಲ್ಲಿನ ಮೂಲೆ ಒಡೆದದ್ದನ್ನು ಕೂಡ ಬಿಡಲಿಲ್ಲ ಅಲ್ವಾ ನೀನು?" ಎಂದರು. ಎಷ್ಟೋ ದಿನದಿಂದ ಅವರಿಗೆ ಗೊತ್ತು.

ಅವರು ಹುಡುಗಿಯನ್ನು ಬಾಗಿಲವರೆಗೆ ತರುತ್ತಾರೆ, ಆಮೇಲೆ ವಾಪಸು ತಿರುಗಿಸುತ್ತಾರೆ. ಎಲ್ಲ ಕೋಣೆಗೂ ಕರೆದುಕೊಂಡು ಹೋಗುತ್ತಾರೆ, ಹಾಸಿಗೆಯ ಮೇಲೆ ಕೂರಿಸುತ್ತಾರೆ. "ಹೊರಗೆ ಯಾಕೆ ಕಳಿಸುವುದಿಲ್ಲ?" ಎಂದು ಕೇಳಿದೆ.

"ಬೀದಿ ಕೂಡ ಬರೆಯದೆ ಎಲ್ಲಿಗೆ ಕಳಿಸುವುದು ಮಾರಾಯ್ತಿ?"

ಆಮೇಲೆ ನಾನು ಎಲ್ಲ ಹೇಳಿದೆ. ನಿನ್ನ ಕಥೆ, ಟೀಚರ ಲೇಖನ, ಕೊಚ್ಚಿಯವರು, ಶಾಲಿನವರು. ಕೇಳುವಷ್ಟೂ ಹೊತ್ತು ಅವರ ಮುಖ ಗಟ್ಟಿಯಾಗಿತ್ತು. ಬೈಯುತ್ತಾರೆಂದು ಕಾದೆ. ಅವರು ಹೇಳಿದ್ದನ್ನು ಆದಷ್ಟು ಹಾಗೆಯೇ ಕನ್ನಡ ಮಾಡಿ ಬರೆಯುತ್ತೇನೆ: "ನನಗೆ ಇರುವುದು ಒಂದೇ ಒಂದು. ಬಾಗಿಲು ಹಾಕಿದ್ದು ನಾನು. ಬೇರೆ ಯಾರೂ ಹಾಕಿದ್ದಲ್ಲ. ಅದನ್ನು ನನ್ನ ಕೈಯಿಂದ ತೆಗೆದು ನನ್ನ ಉಮ್ಮನ ಸೊಂಟಕ್ಕೆ ಯಾಕೆ ಕಟ್ಟಿದಿರಿ?"

ವಾಣಿ, ಸಜ್ನಾ ಟೀಚರು ಅಷ್ಟು ಉದ್ದ ಬರೆದದ್ದರಲ್ಲೂ ಈ ಮಾತು ಇರಲಿಲ್ಲ.

ರಾತ್ರಿ ಊಟಕ್ಕೆ ಬಡಿಸುವಾಗ ಅವರೇ ಮತ್ತೆ ಮಾತು ತೆಗೆದರು. ನನ್ನ ಹೆಸರು ಹಾಕಬಹುದಂತೆ. ಅವರ ಹೆಸರೂ ಹಾಕಬಹುದಂತೆ, ಬ್ಯಾಗು ಸುರಿದ ಕಥೆಯನ್ನೂ ಬರೆಯಬಹುದಂತೆ, ಸುರಿದವರು ಓದಲಿ ಎಂದರು. ಅವರದ್ದು ಒಂದೇ ಶರತ್ತು. "ಕಥೆ ಬರೆದವಳು ಬರಲಿ. ನನ್ನ ಎದುರು ಕೂರಲಿ. ನನ್ನನ್ನು ನೋಡಿ ಆಮೇಲೆ ಏನು ಬೇಕಾದರೂ ಬರೆಯಲಿ. ಈ ಮನೆಗೆ ಯಾರಾದರೂ ನನ್ನನ್ನೇ ನೋಡಲು ಬಂದು ಎಷ್ಟು ಕಾಲ ಆಯಿತು!"

ಉಮ್ಮಾಲಿಮ್ಮ ಕೂಡಲೇ ಗಡಿಬಿಡಿ ಮಾಡಿದರು. ಭಟ್ರ ಮಗಳು ಬಂದರೆ ಎಳನೀರು ಕೆತ್ತಿಸಬೇಕು, ಕದಳಿ ಬಾಳೆಹಣ್ಣು ತರಿಸಬೇಕು, ನಮ್ಮ ಕೈ ತಾಗದ ಹಾಗೆ ಕೊಡಬೇಕು, ಅವರ ಕಾಲದ ಕ್ರಮ ಅದು. ಎಳೇಮ ಒಪ್ಪಲಿಲ್ಲ. "ಎಳನೀರು ಕುಡಿದು ಹೋಗುವುದಾದರೆ ಬರುವುದು ಬೇಡ. ನಮ್ಮ ಲೋಟದಲ್ಲಿ ಚಹಾ ಕುಡಿಯಬೇಕು" ಎಂದರು.

ಈ ತಿಂಗಳ ಕೊನೆಗೋ ಮೇಯಲ್ಲೋ, ರಂಜಾನಿನ ನೋಂಬು ಶುರುವಾಗುವ ಮೊದಲು ಬಾ. ನಿನ್ನ ಉತ್ತರ ಈ ಜಗಲಿಯಲ್ಲಿ ಉಂಟು.

ನಿನ್ನ,
ಶಿಬಿ

&nbsp;

ಸೀತಾಂಗೋಳಿ
27 ಏಪ್ರಿಲ್ 2017

ನನ್ನ ಶಿಬಿ,

ಬರುತ್ತೇನೆ. ಮೇ 14ರ ಭಾನುವಾರ, ಬೆಳಗ್ಗಿನ ಬಸ್ಸಿಗೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಅಣ್ಣನಿಗೆ ಹೇಳಿದೆ. "ಈಗ ಹೋಗಬೇಡ, ಎರಡು ಕಡೆಯವರೂ ಕಣ್ಣಿಟ್ಟು ಕೂತಿದ್ದಾರೆ, ಯಾರಾದರೂ ಫೋಟೋ ತೆಗೆದರೆ ಆಯಿತು ನಮ್ಮ ಕಥೆ" ಎಂದ. ಫೋಟೋ ತೆಗೆಯಲಿ ಎಂದೆ. ಹೇಳುವಾಗ ಒಳಗೆ ಹೆದರಿಕೆ ಆದದ್ದು ಹೌದು.

ಅಪ್ಪನಿಗೆ ಹೇಳಿಲ್ಲ. ಅವರು ಬೇಡ ಎನ್ನುವವರಲ್ಲ, ಬೈಯುವವರೂ ಅಲ್ಲ. "ಹಾಗಾ" ಎಂದು ಹೇಳಿ ಎಲೆಯ ಮುಂದಿನಿಂದ ಅರ್ಧ ಊಟದಲ್ಲಿ ಏಳುತ್ತಾರೆ. ಅದನ್ನು ನೋಡಲು ನನಗೆ ಆಗುವುದಿಲ್ಲ. ಆಫೀಸಿನಲ್ಲಿ ಕೆಲಸ ಉಂಟು ಎಂದು ಹೊರಡುತ್ತೇನೆ, ಬಂದ ಮೇಲೆ ಹೇಳುತ್ತೇನೆ.

ಎಳೇಮನಿಗೆ ಸಕ್ಕರೆ ಕಡಿಮೆ ಹಾಕಲು ಹೇಳು. ಅವರನ್ನು ನಾನೂ ಎಳೇಮ ಎಂದೇ ಕರೆಯಬಹುದಾ?

ನಿನ್ನ,
ವಾಣಿ

&nbsp;

ಕುಂಬಳೆ
15 ಮೇ 2017

ವಾಣಿ,

ನಿನ್ನೆ ಏನಾಯಿತು ಎಂದು ನಾನು ಕೇಳುವುದಿಲ್ಲ. ಇಲ್ಲಿ ಏನಾಯಿತು ಎಂದು ಮಾತ್ರ ಬರೆಯುತ್ತೇನೆ.

ಎಳೇಮ ಬೆಳಗ್ಗೆಯೇ ಮಿಂದು, ಪೆಟ್ಟಿಗೆಯಿಂದ ಹಳೆಯ ಅಲಿಕತ್ತು ತೆಗೆದು ಕಿವಿಗೆ ಹಾಕಿಕೊಂಡರು. ಕಿವಿಯ ತೂತು ಮುಚ್ಚಿಹೋಗಿತ್ತು, ತೆಂಗಿನೆಣ್ಣೆ ಹಚ್ಚಿ ಹಚ್ಚಿ ಏರಿಸಿದ್ದು, ರಕ್ತ ಸ್ವಲ್ಪ ಬಂತು. ಕಲ್ತಪ್ಪ ಅವರೇ ಮಾಡಿದರು. ಅಕ್ಕಿ ನೆನೆಸಿದ್ದು, ಬೆಲ್ಲ ಕರಗಿಸಿದ್ದು, ಯಾರಿಗೂ ಮುಟ್ಟಲು ಬಿಡಲಿಲ್ಲ. ಆಮೇಲೆ ಮುಂದಿನ ಬಾಗಿಲು ತೆರೆದು ಜಗಲಿಯಲ್ಲಿ ಕುರ್ಚಿ ಹಾಕಿ ಕೂತರು. ನಾನು ಹುಟ್ಟಿದಂದಿನಿಂದ ಅವರನ್ನು ಆ ಜಗಲಿಯಲ್ಲಿ ನೋಡಿರಲಿಲ್ಲ. ಉಮ್ಮಾಲಿಮ್ಮ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಸ್ಸು ಬಂತು. ನೀನು ಇಳಿದೆ, ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಎಳೇಮ ಎದ್ದು ನಿಂತರು.

ಬಸ್ಸು ನಿನ್ನನ್ನು ವಾಪಸು ಹತ್ತಿಸಿಕೊಂಡು ಹೋದ ಮೇಲೂ ಅವರು ನಿಂತೇ ಇದ್ದರು. "ಮರೆತದ್ದು ಏನಾದರೂ ಇರಬಹುದು, ಮುಂದಿನ ಬಸ್ಸಿಗೆ ಬರುತ್ತಾಳೆ" ಎಂದರು. ಮುಂದಿನ ಬಸ್ಸು ಬಂತು, ಅದರ ನಂತರದ್ದೂ ಬಂತು. ಮಧ್ಯಾಹ್ನದ ಬಾಂಗು ಆದ ಮೇಲೆ ಅವರು ಒಳಗೆ ಬಂದು, ನಿನಗಾಗಿ ತೆಗೆದಿಟ್ಟ ಲೋಟಕ್ಕೆ ಚಹಾ ಹೊಯ್ದು ತಾವೇ ಕುಡಿದರು.

ಶಿಬಿಲಾ

&nbsp;

ಮೀಂಜ
17 ಮೇ 2017

ಶಿಬಿ,

ಆಫೀಸಿಗೆ ಹೋಗಿಲ್ಲ. ನಿನ್ನ ಲಕೋಟೆಯನ್ನು ಅಣ್ಣ ತಂದುಕೊಟ್ಟ. ಇದನ್ನು ಅಂಚೆಗೆ ಹಾಕುತ್ತೇನೆ, ಚೆನ್ನಪ್ಪಣ್ಣನ ಕೈಯಲ್ಲಿ ಕೊಡಲು ಮುಖವಿಲ್ಲ.

ಯಾರೂ ನನ್ನನ್ನು ತಡೆಯಲಿಲ್ಲ. ಅದನ್ನೇ ಹೇಳಬೇಕು. ನಾನು ಇಳಿದು ಚಿಲಕ ಮುಟ್ಟಿದೆ, ನಿಮ್ಮ ಬಾಗಿಲು ತೆರೆದಿರುವುದು ಕಂಡಿತು, ಒಬ್ಬರು ಎದ್ದದ್ದೂ ಕಂಡಿತು. ಆಗ ಹಿಂದಿನಿಂದ ಚೆನ್ನಪ್ಪಣ್ಣ ಗಟ್ಟಿಯಾಗಿ ಕೇಳಿದರು, "ಇಲ್ಲಿ ಎಂತ ಅಕ್ಕ? ಸೀತಾಂಗೋಳಿ ಬರಲಿಲ್ಲ ಇನ್ನೂ!" ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು, ನಾನು ನಿದ್ದೆಗಣ್ಣಿನಲ್ಲಿ ಇಳಿದೆ ಎಂದು ತಿಳಿದು. ಬಸ್ಸಿನ ಈಚೆ ಬದಿಯ ಕಿಟಕಿಗಳಲ್ಲೆಲ್ಲ ಮುಖಗಳು. ಅದರಲ್ಲಿ ದೇವಕಿಯಕ್ಕ ಇದ್ದರು, ಅಪ್ಪನ ದೇವಸ್ಥಾನಕ್ಕೆ ದಿನಾ ಹೂ ತರುವವರು. ಅವರೂ ನಗುಮುಖದಲ್ಲೇ ನೋಡಿದರು.

ಗೆಳತಿಯ ಮನೆ ಉಂಟು ಎನ್ನಬೇಕಿತ್ತು. ಇಷ್ಟು ಚಿಕ್ಕ ಮಾತು, ಶಿಬಿ. ಬಾಯಿ ತೆರೆದೆ, "ಓ, ಗೊತ್ತಾಗಲಿಲ್ಲ" ಎಂದು ಹೇಳಿ ಬಸ್ಸು ಹತ್ತಿದೆ. ದೇವಕಿಯಕ್ಕ ಸರಿದು ಕೂತು ಜಾಗ ಕೊಟ್ಟರು. ಸೀತಾಂಗೋಳಿಯವರೆಗೂ ಮಲ್ಲಿಗೆಗೆ ರೇಟು ಇಳಿದ ಸುದ್ದಿ ಹೇಳಿದರು, ನಾನು ಹೂಂ ಹೂಂ ಎಂದೆ. ಮುಂದಿನ ಬಸ್ಸಿಗೆ ವಾಪಸು ಬರಬಹುದಿತ್ತು. ಆಫೀಸಿನ ಮೆಟ್ಟಿಲಲ್ಲಿ ಕೂತು ಅತ್ತೆನೇ ಹೊರತು ಬರಲಿಲ್ಲ.

ಎಳೇಮನ ಕಾಲು ಹಿಡಿದು ಕ್ಷಮೆ ಕೇಳಬೇಕು. ಇನ್ನೊಂದು ದಿನ ಹೇಳು. ನೋಂಬು ಶುರುವಾಗುವ ಮೊದಲು, ಯಾವ ದಿನವಾದರೂ. ಉತ್ತರ ಬರೆಯಲು ಇನ್ನು ಎರಡೇ ವಾರ. ಅವರು ಒಪ್ಪಿದರೆ ಅವರ ಹೆಸರಿನಲ್ಲೇ ಎಲ್ಲವನ್ನೂ ಬರೆಯುತ್ತೇನೆ.

ವಾಣಿ

&nbsp;

ಕುಂಬಳೆ
22 ಮೇ 2017

ಶ್ರೀವಾಣಿ ಮಗಳಿಗೆ,

ಸೆಕೀನ ಹೇಳಿ ಶಿಬಿಲಾ ಬರೆಯುವುದು. ನನಗೆ ನಿಮ್ಮ ಅಕ್ಷರ ಬರುವುದಿಲ್ಲ.

ನಿನ್ನ ಕಾಗದ ಇವಳು ಓದಿ ಹೇಳಿದಳು. ಅಳುವುದು ಬೇಡ. ಕಾಲು ಹಿಡಿಯುವುದೂ ಬೇಡ, ನಾನು ಅಷ್ಟು ಮುದುಕಿ ಅಲ್ಲ. ನನಗೆ ಮೊದಲು ಬೇಜಾರಾಯಿತು, ಇಲ್ಲ ಎನ್ನುವುದಿಲ್ಲ. ಕಿವಿ ಈಗಲೂ ನೋಯುತ್ತಾ ಉಂಟು. ಆಮೇಲೆ ನೀನು ಬಸ್ಸಿನ ಮೆಟ್ಟಿಲಿಗೆ ಕಾಲಿಡುವಾಗ ನಿನ್ನ ಬೆನ್ನು ಹೇಗಿತ್ತು ಎಂದು ನೆನಪಾಯಿತು. ಅಂದು ಉಪ್ಪಳದಲ್ಲಿ ನನ್ನ ಬೆನ್ನೂ ಹಾಗೆಯೇ ಇದ್ದಿರಬೇಕು ಅನಿಸಿತು.

ನನ್ನ ಹೆಸರು ಹಾಕಬಹುದು ಎಂದು ಹೇಳಿದ್ದೆ. ಈಗ ಬೇಡ. ಸಿಟ್ಟಿನಿಂದ ಹೇಳುವುದಲ್ಲ. ನೀನು ಬರೆದದ್ದು ನನ್ನನ್ನು ಅಲ್ಲ, ಹಾಗಾಗಿ ಹೇಳುವುದು. ನಾನು ಬಾಗಿಲು ತೆರೆದು ಜಗಲಿಯಲ್ಲಿ ಕೂತಿದ್ದೆ. ಹಾಕಿದ್ದೂ ನಾನೇ, ತೆಗೆದದ್ದೂ ನಾನೇ. ಬಾಗಿಲವರೆಗೆ ಬಂದು, ಯಾರೋ ನೋಡುತ್ತಾರೆಂದು ವಾಪಸು ಹೋಗುವ ಆ ಹುಡುಗಿ ನೀನು ಮಗಳೇ. ನಿನಗೆ ಗೊತ್ತಾಗಲಿಲ್ಲ, ಅಷ್ಟೇ.

ಹಾಗಾದ ಕಾರಣ ನಮ್ಮ ಮನೆಯನ್ನು ಆ ಆಟದಿಂದ ತೆಗೆದುಬಿಡು. ನನ್ನ ಉಮ್ಮನ ಸೊಂಟದಿಂದ ಆ ಬೀಗದ ಕೈ ಬಿಚ್ಚು. ನಿನ್ನ ಮನೆಯನ್ನು ಬರೆಸು, ನಿನ್ನ ಬಸ್ಸನ್ನು ಬರೆಸು, ಆ ಹುಡುಗಿಗೆ ನಿನ್ನ ಹೆಸರು ಇಡು. ಬೀಗದ ಕೈಯನ್ನು ಕಿಟಕಿಯಲ್ಲಿ ನಗುತ್ತಾ ಕೂತವರ ಕೈಯಲ್ಲಿ ಕೊಡು. ಇವಳು ಚಂದ ಬರೆದುಕೊಡುತ್ತಾಳೆ.

ನೋಂಬಿನ ಮೊದಲು ಬರುತ್ತೇನೆ ಅಂದೆಯಲ್ಲ. ಬರಬೇಡ ಎಂದು ಹೇಳುವುದಿಲ್ಲ. ಆದರೆ ನಾನು ಇನ್ನು ಜಗಲಿಯಲ್ಲಿ ಕಾಯುವುದಿಲ್ಲ.

ಸೆಕೀನ

(ವಾಣಿ, ಅವರು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ನಾನು ಸೇರಿಸಿಲ್ಲ. — ಶಿ.)

&nbsp;

ಸೀತಾಂಗೋಳಿ
30 ಮೇ 2017

ಮಾನ್ಯ ಸಜ್ನಾ ಅವರಿಗೆ,

'ಬೀಪಾತುವಿನ ಮನೆ' ಆಟದ ಬಗ್ಗೆ ನೀವು ಬರೆದ ಲೇಖನಕ್ಕೆ ಇದು ನನ್ನ ಉತ್ತರ. ಮೇಳದವರಿಗೂ ಇದರ ಪ್ರತಿ ಕಳಿಸಿದ್ದೇನೆ. ಆಟವನ್ನು ನಾವೇ ಹಿಂದೆ ತೆಗೆದುಕೊಂಡಿದ್ದೇವೆ. ನನ್ನ ಅಣ್ಣ ಇನ್ನೂ ನನ್ನಲ್ಲಿ ಮಾತಾಡುತ್ತಿಲ್ಲ.

ನಿಮ್ಮ ಲೇಖನದಲ್ಲಿ ಒಂದು ತಪ್ಪು ಉಂಟು. ಆ ಮನೆಯ ಚಿತ್ರ ಬರೆದವರು ಬ್ಯಾರಿಯವರೇ. ಅವರ ಹೆಸರು ಹೇಳಲು ನನಗೆ ಅನುಮತಿ ಸಿಕ್ಕಿತ್ತು, ಅದನ್ನು ನಾನೇ ಕಳೆದುಕೊಂಡೆ. ಉಳಿದದ್ದೆಲ್ಲ ನೀವು ಬರೆದ ಹಾಗೆಯೇ. ಅಜ್ಜಿಯ ಸೊಂಟದಲ್ಲಿದ್ದದ್ದು ಅಕ್ಕಿ ಕೋಣೆಯ ಬೀಗದ ಕೈ. ಬಾಗಿಲಿಗೆ ಬೀಗವೇ ಇರಲಿಲ್ಲ. ಅದನ್ನು ನಾನು ಹೊರಗಿನಿಂದ ನೋಡಿದ್ದೇನೆ.

ಚಹಾ ಕುಡಿದಿದ್ದೀರಾ ಎಂದು ಕೇಳಿದ್ದಿರಿ. ಇಲ್ಲ. ಸಕ್ಕರೆ ಕಡಿಮೆ ಹಾಕಿ ನನಗಾಗಿ ಮಾಡಿದ್ದರು.

ಆ ಮನೆಯ ಮುಂದೆ ನನ್ನ ಬಸ್ಸು ಈಗಲೂ ದಿನಾ ಎರಡು ಸಲ ನಿಲ್ಲುತ್ತದೆ. ಜನ ಇಳಿಯುತ್ತಾರೆ, ಹತ್ತುತ್ತಾರೆ. ಅಷ್ಟು ಹೊತ್ತು ನಾನು ಫೋನು ನೋಡುತ್ತಾ ಕೂರುತ್ತೇನೆ.

ಇತಿ,
ಶ್ರೀವಾಣಿ